ಬಲಗಡೆಯ ಪೆಟ್ಟಿಗೆ

ಮಹಾನವಮಿಗೆ ಮನೆ ಸ್ವಚ್ಛ ಮಾಡುವಾಗ ನಮ್ಮಲ್ಲಿ ಯಾರಿಗೂ ಬೇಡವಾದ ಕೆಲಸ ಒಂದಿತ್ತು. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ತಿಕ್ಕಲು ಜನ ಸಿಗುತ್ತಿದ್ದರು. ಜೇಡರ ಬಲೆ ತೆಗೆಯಲು ನನ್ನ ಯಜಮಾನರೂ ಗೊಣಗುತ್ತ ಕೋಲು ಹಿಡಿಯುತ್ತಿದ್ದರು. ಆದರೆ ಪಡಸಾಲೆಯಲ್ಲಿದ್ದ ಮಾವನವರ ಹಾಡಿನ ಸ್ಟ್ಯಾಂಡಿನ ಹಿಂದೆ ಕೈ ಹಾಕಿ ಆ ವೈರುಗಳನ್ನು ಬಿಡಿಸಿ ಅಂದರೆ ಎಲ್ಲರಿಗೂ ಆಗಲೇ ಬೇರೆ ಏನೋ ನೆನಪಾಗುತ್ತಿತ್ತು. ಹಾಗಾಗಿ ಅದು ಸೊಸೆಯಾದ ನನ್ನ ಕೊರಳಿಗೇ ಬಿತ್ತು. ಬಿದ್ದದ್ದು ಒಳ್ಳೆಯದೇ ಆಯಿತು ಅಂತ ಈಗ ಅನಿಸುತ್ತದೆ. ಆಗ ಮಾತ್ರ ದೂಳಿಗೆ ಸೀನುತ್ತ, ಇಡೀ ಮನೆತನವನ್ನೇ ಮನಸ್ಸಿನಲ್ಲಿ ಬೈಯುತ್ತ ಮಾಡುತ್ತಿದ್ದೆ.

ನಾನು ಮುಗದ ಅನ್ನುವ ಹಳ್ಳಿಯ ಒಕ್ಕಲುತನದ ಮನೆಯವಳು. ತೊಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಧಾರವಾಡಕ್ಕೆ ಬಂದೆ. ನಮ್ಮಪ್ಪ ಹೊಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಕೂತಾಗ ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತು ಬೆಳೆದವಳು, ವೈರು ಕಂಡು ಹೌಹಾರುವವಳಲ್ಲ. ಯಜಮಾನರು ಅಮರಗೋಳದ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಬಲ್ಬು ಬದಲಿಸುವಾಗಲೂ ಅವರ ಕಾಲಿಗೆ ರಬ್ಬರ್ ಚಪ್ಪಲಿ, ಕೈಗೆ ಒಣ ಟಾವೆಲ್, ಬಾಯಲ್ಲಿ ಶಿವನಾಮ ಇರಲೇಬೇಕು. ಮಾವನವರು ಶಾಲೆಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಯಾವ ರಾಗದಲ್ಲಿ ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಅಂತ ಅವರಿಗೆ ಗೊತ್ತಿತ್ತು; ಯಾವ ಪಿನ್ನು ಯಾವ ತೂತಿಗೆ ಅಂತ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ಆ ಸ್ಟ್ಯಾಂಡಿನಲ್ಲಿ ಮೊದಲು ಇದ್ದದ್ದು ತಟ್ಟೆ ಹಾಕುವ ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು, ಒಂದು ರೇಡಿಯೋ, ಎಡಕ್ಕೂ ಬಲಕ್ಕೂ ಒಂದೊಂದು ಸ್ಪೀಕರ್ ಪೆಟ್ಟಿಗೆ. ಆಮೇಲೆ ಡಬಲ್ ಡೆಕ್ ಟೇಪು ಬಂತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಸಿಡಿ ಪ್ಲೇಯರೂ ಬಂದು ಕೂತಿತು. ಹೊಸದು ಬಂದಾಗಲೆಲ್ಲ ಹೊಸ ವೈರು ಬರುತ್ತಿತ್ತು, ಹಳೆಯದು ಮಾತ್ರ ಹೋಗುತ್ತಿರಲಿಲ್ಲ. ಇದರ ಜೊತೆಗೆ ಸ್ಟೆಬಿಲೈಜರು, ಎಕ್ಸ್‌ಟೆನ್ಶನ್ ಬೋರ್ಡು, ಕಿಟಕಿಯಿಂದ ಇಳಿದ ಟೀವಿಯ ಕೇಬಲ್ಲು. ಮೊದಲನೇ ವರ್ಷ ಸ್ಟ್ಯಾಂಡು ಸರಿಸಿ ನೋಡಿದರೆ ಅಂಗಳದಲ್ಲಿ ಒಣಗಹಾಕಿದ ಶ್ಯಾವಿಗೆಯ ಮೇಲೆ ಎಮ್ಮೆ ಅಡ್ಡಾಡಿದ ಹಾಗಿತ್ತು. ಅಯ್ಯೋ ದೇವರೇ, ಇದರಲ್ಲಿ ಹಾಡು ಹೇಗೆ ಬರುತ್ತದಪ್ಪಾ ಅಂತ ನಾನು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದೆ.

ನನ್ನ ಕಟ್ಟುವ ಸಾಹಸ ರಬ್ಬರ್ ಬ್ಯಾಂಡಿನಿಂದ ಶುರುವಾಯಿತು. ಬೇಸಿಗೆಗೆ ಅವು ಕರಗಿ ವೈರಿಗೇ ಅಂಟಿಕೊಂಡವು. ಸುತಲಿ ದಾರದಿಂದ ಕಟ್ಟಿದೆ. ಬಿಚ್ಚಬೇಕಾದಾಗ ಹಲ್ಲಿನಿಂದ ಕಚ್ಚಬೇಕಾಯಿತು. ಅದನ್ನು ನೋಡಲಾಗದೆ ಅತ್ತೆಯವರು ತಮ್ಮ ಕೌದಿಯ ಗಂಟು ತಂದು ಮುಂದಿಟ್ಟರು. ನಮ್ಮ ಅತ್ತೆಯವರು ಕೌದಿ ಹೊಲಿಯುವುದರಲ್ಲಿ ಗಟ್ಟಿಗರು. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಒತ್ತೊತ್ತಾಗಿ ಹೊಲಿದು ಹಾಸಿಗೆ ಮಾಡುವುದು ಅವರಿಗೆ ಉಸಿರಾಡಿದಷ್ಟೇ ಸಲೀಸು. ಆ ಗಂಟಿನಲ್ಲಿ ಉಳಿದ ಸೀರೆ ಅಂಚಿನ ಪಟ್ಟಿಗಳಿದ್ದವು. ಬಲಗಡೆಯ ಪೆಟ್ಟಿಗೆಯ ವೈರಿಗೆ ತಮ್ಮ ಹಳೆಯ ಇಳಕಲ್ ಸೀರೆಯ ಕೆಂಪು ಅಂಚು, ಎಡಗಡೆಯದಕ್ಕೆ ಹಸಿರು, ಟೇಪಿಗೆ ಮಾವನವರ ಧೋತರದ ಚುಂಗು, ಆಮೇಲೆ ಬಂದ ಸಿಡಿಗೆ ಯಾವುದೋ ಚೌಕಡಿ ಚೂರು. ಒಂದು ತುದಿ ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುವ ಗಂಟನ್ನೂ ಅವರೇ ಹೇಳಿಕೊಟ್ಟರು. ಅಂದಿನಿಂದ ನನಗೆ ಕೆಂಪು ಕಂಡರೆ ಬಲ, ಹಸಿರು ಕಂಡರೆ ಎಡ. ಖಂಡೆ ಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಮಾವನವರು ಆಂಪ್ಲಿಫೈಯರಿಗೆ ವಿಭೂತಿ ಹಚ್ಚಿ ಚೆಂಡುಹೂವು ಏರಿಸುವಾಗ, ಸ್ಟ್ಯಾಂಡಿನ ಹಿಂದೆ ನಮ್ಮ ಸೀರೆಯಂಚುಗಳೂ ಹಬ್ಬಕ್ಕೆ ಸಿಂಗಾರವಾಗಿ ಕೂತಿರುತ್ತಿದ್ದವು.

ರವಿವಾರ ಮುಂಜಾನೆ ನಮ್ಮ ಪಡಸಾಲೆ ಬೇರೆಯೇ ಆಗುತ್ತಿತ್ತು. ಜಮಖಾನ ಹಾಸಿ, ಎರಡು ಪೆಟ್ಟಿಗೆಗಳ ಸರಿ ನಡುವೆ ಎದುರಿಗೆ ಲೋಡಿಗೆ ಒರಗಿ ಮಾವನವರು ಕೂಡುತ್ತಿದ್ದರು. ಅವರ ಎಡಕ್ಕೆ, ಬೀದಿಯ ಕಿಟಕಿಯ ಕಡೆಗೆ, ಹಾಡು ಕೇಳಲು ಬಂದ ಅವರ ಗೆಳೆಯರು. ಬಲಕ್ಕೆ ಅಡುಗೆಮನೆಯ ಬಾಗಿಲು. ಆ ಬಾಗಿಲಲ್ಲಿ ಅತ್ತೆಯವರು ಕೌದಿ ಹರವಿಕೊಂಡು ಕೂಡುತ್ತಿದ್ದರು. ಹಾಡು ಕೇಳುತ್ತೇನೆ ಅಂತ ಅವರು ಎಂದೂ ಹೇಳಿದವರಲ್ಲ. ಗಂಡಸರ ನಡುವೆ ಹೋಗಿ ಕೂತವರೂ ಅಲ್ಲ. ಆದರೆ ಹಾಡುವವರು ಒಂದು ಒಳ್ಳೆಯ ಜಾಗಕ್ಕೆ ಬಂದಾಗ ಅವರ ಸೂಜಿ ನಿಲ್ಲುತ್ತಿತ್ತು. ಅದನ್ನು ಮಾವನವರು ಓರೆಗಣ್ಣಿನಲ್ಲಿ ನೋಡಿ ನಗುತ್ತಿದ್ದರು.

ಆ ಗೆಳೆಯರಲ್ಲಿ ಒಬ್ಬರಿಗೆ ವಯಸ್ಸಾಗಿ ಕಿವಿ ಮಂದವಾಯಿತು. ಪಾಪ, ರೂಢಿ ಬಿಡಲಾಗದೆ ಬಂದು ಕೂತು, ತಲೆದೂಗಬಾರದ ಜಾಗದಲ್ಲಿ ತಲೆದೂಗುತ್ತಿದ್ದರು. ಉಳಿದವರು ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಒಂದು ದಿನ ಅವರೆಲ್ಲ ಹೋದ ಮೇಲೆ ಮಾವನವರು ನಮ್ಮೆಲ್ಲರ ಎದುರು ಒಂದು ಮಾತು ಆಡಿದರು:

"ನನ್ನ ಕಿವಿ ಹೋದ ದಿವಸ ಈ ಪೆಟ್ಟಿಗಿ ಎಲ್ಲಾ ಸಂಗೀತ ಸಾಲಿಗೆ ಕೊಟ್ಟಬಿಡತೇನಿ. ಸುಮ್ಮನ ತಲಿ ಅಲ್ಲಾಡಿಸಿಕೋತ ಕೂಡೂದು ನನ್ನ ಕಡಿಂದ ಆಗೂದಿಲ್ಲ."

ಬೇರೆ ಯಾರಾದರೂ ಅಂದಿದ್ದರೆ ನಕ್ಕು ಬಿಡಬಹುದಿತ್ತು. ಎಲೆ-ಅಡಿಕೆ ಬಿಡುತ್ತೇನೆ ಅಂದವರು ಅವತ್ತೇ ಸಂಚಿ ಎಸೆದು ಮತ್ತೆ ಮುಟ್ಟದ ಮನುಷ್ಯ ಅವರು. ಹಾಗಾಗಿ ಆ ಮಾತು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿತು.

ಸಿಡಿ ಪ್ಲೇಯರು ಬಂದು ಒಂದೆರಡು ವರ್ಷವಾಗಿರಬೇಕು. ಒಂದು ರವಿವಾರ ಮಾವನವರು ನನ್ನನ್ನು ಕರೆದು, ಬಲಗಡೆಯ ಪೆಟ್ಟಿಗೆ ಮಬ್ಬಾಗಿದೆ, ತಬಲಾ ಗೋಡೆಯ ಆಚೆಯಿಂದ ಬಾರಿಸಿದ ಹಾಗೆ ಕೇಳುತ್ತದೆ ಅಂದರು. ಅವರು ಹೆಚ್ಚು ಕೇಳುತ್ತಿದ್ದ ಸಿಡಿಗಳಲ್ಲಿ ಹಾಡುವವರ ದನಿ ಎಡಗಡೆಯ ಪೆಟ್ಟಿಗೆಯಿಂದ, ತಬಲಾ ಬಲಗಡೆಯದರಿಂದ ಬರುತ್ತಿತ್ತು. ಕಚೇರಿಯಲ್ಲಿ ಎದುರಿಗೆ ಕೂತ ಹಾಗೇ ಅನಿಸಲಿ ಅಂತ ಹಾಗೆ ಮಾಡಿರುತ್ತಾರೆ. ವೈರು ಸಡಿಲಾಗಿರಬೇಕು ಅಂತ ನಾನು ಸ್ಟ್ಯಾಂಡಿನ ಹಿಂದೆ ತೂರಿದೆ. ಪಿನ್ನುಗಳನ್ನು ಉಜ್ಜಿದೆ, ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಮುಂದಿನ ರವಿವಾರ ಅದೇ ದೂರು. ಹುಬ್ಬಳ್ಳಿಗೆ ಹೋದಾಗ ದುರ್ಗದಬೈಲಿನ ಪೇಟೆಯಿಂದ ಹೊಸ ವೈರು ತಂದು ಹಾಕಿ ಅದಕ್ಕೆ ಅದೇ ಕೆಂಪು ಪಟ್ಟಿ ಕಟ್ಟಿದೆ. ಮತ್ತೆ ಅದೇ ದೂರು. ನಾನು ಅಲ್ಲಿ ಕೂತು ಕೇಳಿದರೆ ಎರಡೂ ಪೆಟ್ಟಿಗೆ ಚೊಕ್ಕ. ನನಗೆ ತಲೆ ಕೆಟ್ಟುಹೋಯಿತು. ರವಿವಾರ ಬಂದರೆ ಜನ ಉಪ್ಪಿಟ್ಟು ತಿಂದು ಆರಾಮ ಇರುತ್ತಾರೆ, ನಾನು ಮಾತ್ರ ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ಗೋಡೆಗೆ ಮುಖ ಮಾಡಿ ಬಿದ್ದಿರಬೇಕು ಅಂತ ಯಜಮಾನರ ಮೇಲೆ ಹರಿಹಾಯ್ದೆ. ಅವರು ಉಪ್ಪಿಟ್ಟಿನ ಪ್ಲೇಟು ಹಿಡಿದು ಮೆಲ್ಲಗೆ ಹಿತ್ತಲಿಗೆ ಜಾರಿದರು.

ಅದೇ ತಿಂಗಳುಗಳಲ್ಲಿ ಅತ್ತೆ-ಮಾವನ ನಡುವೆ ಮಾತು ನಿಂತಿತ್ತು. ನಿಲ್ಲಿಸಿದವರು ಅತ್ತೆ. ಅಡುಗೆಮನೆಯ ಬಾಗಿಲಿಂದ ಚಹಾ ಬೇಕೇನ್ರಿ ಅಂತ ಕೇಳಿದರೆ ಮಾವನವರು ಮುಖ ತಿರುಗಿಸಿ ಸಹ ನೋಡುತ್ತಿರಲಿಲ್ಲ. ಒಮ್ಮೆ, ಎರಡು ಸಲ ಅತ್ತೆ ಸೈರಿಸಿಕೊಂಡರು. ಆಮೇಲೆ, ರಿಟೈರಾದ ಮೇಲೆ ನಿಮ್ಮ ಮಾವನಿಗೆ ಸೊಕ್ಕು ಬಂದಿದೆ, ಹೆಂಡತಿ ಕರೆದರೆ ಓ ಅನ್ನುವುದು ಭಾರವಾಗಿದೆ ಅಂತ ನನ್ನೆದುರು ಕಣ್ಣು ಒರೆಸಿಕೊಂಡರು. ಅಲ್ಲಿಂದ ಮುಂದೆ ಎಲ್ಲ ನನ್ನ ಮೂಲಕವೇ ನಡೆಯುತ್ತಿತ್ತು. ಊಟಕ್ಕೆ ಬರಬೇಕಂತೆ ಅಂತ ಹೇಳು, ಧೋತರ ಒಣಗಿದೆಯಂತೆ ಅಂತ ಹೇಳು. ಒಂದೇ ಪಡಸಾಲೆಯಲ್ಲಿ ಕೂತ ಇಬ್ಬರ ನಡುವೆ ಅಂಚೆ ಮುಟ್ಟಿಸುವುದು ನನ್ನ ಕೆಲಸವಾಯಿತು. ಮಾವನವರು ಇದು ಯಾಕೆ ಅಂತ ತಿಳಿಯದೆ ಪಿಳಿಪಿಳಿ ನೋಡುತ್ತಿದ್ದರು.

ಕೊನೆಗೆ ಪರೀಕ್ಷೆ ಮಾಡಿಯೇ ಬಿಡೋಣ ಅಂತ ನಿಶ್ಚಯಿಸಿದೆ. ಒಂದು ವಾರ ಪೆಟ್ಟಿಗೆಗಳನ್ನೇ ಅದಲುಬದಲು ಮಾಡಿಟ್ಟೆ. ಬಲಗಡೆ ಕೂತದ್ದೇ ಮಬ್ಬು ಅಂದರು. ಅಂದರೆ ಪೆಟ್ಟಿಗೆಯಲ್ಲಿ ದೋಷವಿಲ್ಲ. ಮುಂದಿನ ವಾರ ಅವರು ಸ್ನಾನಕ್ಕೆ ಹೋದಾಗ ಆಂಪ್ಲಿಫೈಯರಿನ ಬೆನ್ನಲ್ಲಿ ಕೆಂಪು ಪಟ್ಟಿಯ ವೈರು ಎಡಕ್ಕೆ, ಹಸಿರು ಪಟ್ಟಿಯದು ಬಲಕ್ಕೆ ಸಿಕ್ಕಿಸಿದೆ. ಈಗ ಹಾಡು ಬಲಗಡೆ, ತಬಲಾ ಎಡಗಡೆ. ಆಂಪ್ಲಿಫೈಯರು ಕೆಟ್ಟಿದ್ದರೆ ತಬಲಾ ಎಲ್ಲಿ ಹೋದರೂ ಮಬ್ಬೇ ಇರಬೇಕಿತ್ತು. ಮಾವನವರು ಬಂದು ಕೂತರು. ನಾನು ಸ್ಟ್ಯಾಂಡಿನ ಹಿಂದೆಯೇ ಇದ್ದೆ. ಸ್ವಲ್ಪ ಹೊತ್ತು ಕೇಳಿ ಅವರು ಅಂದರು:

"ತಬಲಾ ಛಲೋ ಆತು ಯವ್ವಾ. ಆದರ ಈಗ ಹಾಡವರ ಗ್ವಾಡಿ ಆಚಿ ಹೋದ್ರಲ್ಲ."

ನಾನು ಅಲ್ಲೇ ದೂಳಿನಲ್ಲಿ ಕೂತುಬಿಟ್ಟೆ. ಪೆಟ್ಟಿಗೆ ಬದಲಾದರೂ, ವೈರು ಬದಲಾದರೂ, ದನಿ ಬದಲಾದರೂ ಬಲಗಡೆಯದೇ ಮಬ್ಬು. ಹಾಡು ನಿಂತ ಮೇಲೆ ಎದ್ದು ಅವರ ಬಲಕ್ಕೆ ಹೋಗಿ ನಿಂತು, ಮೆಲ್ಲಗೆ ಮಾವಾರ ಅಂದೆ. ಅವರು ಕಿಟಕಿಯ ಕಡೆಗೆ ನೋಡುತ್ತಲೇ ಇದ್ದರು. ಎಡಕ್ಕೆ ಹೋಗಿ ಅಷ್ಟೇ ಮೆಲ್ಲಗೆ ಅಂದೆ. ಕೂಡಲೇ ತಿರುಗಿ, ಏನ ಯವ್ವಾ ಅಂದರು. ಏನಿಲ್ಲ ಅಂತ ಒಳಗೆ ಓಡಿದೆ.

ಅತ್ತೆಯವರು ಹಿತ್ತಲಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದರು. ಎಲ್ಲ ಹೇಳಿದೆ. ಕೈಯಲ್ಲಿದ್ದ ಸೊಪ್ಪು ಮಡಿಲಿಗೆ ಬಿತ್ತು.

"ಹಂಗಾರ ಸೊಕ್ಕಲ್ಲೇನು ಅದು?" ಅಂದರು. "ಅಯ್ಯ ನನ ಶಿವನ, ನಾ ಇಷ್ಟ ದಿವಸ ಅವರನ್ನ ಏನಂತ ತಿಳಕೊಂಡೆ."

ಅತ್ತರು, ನಕ್ಕರು, ಮತ್ತೆ ಅತ್ತರು. ಗಂಡ ತನ್ನನ್ನು ಅಲಕ್ಷ್ಯ ಮಾಡಿಲ್ಲ ಅನ್ನುವ ಸಂತೋಷ ಒಂದು ಕಣ್ಣಿನಲ್ಲಿ, ಗಂಡನ ಕಿವಿ ಹೋಯಿತಲ್ಲ ಅನ್ನುವ ದುಃಖ ಇನ್ನೊಂದರಲ್ಲಿ. ದವಾಖಾನೆಗೆ ಕರೆದುಕೊಂಡು ಹೋಗೋಣ ಅಂತ ನಾನು ಅಂದರೆ ಬೇಡವೇ ಬೇಡ ಅಂದರು. ಹೇಳಿದರೆ ಅವತ್ತೇ ಪೆಟ್ಟಿಗೆ ಎಲ್ಲ ಹೊರಗೆ ಹೋಗುತ್ತವೆ, ಆಮೇಲೆ ಈ ಮನುಷ್ಯ ಮುಂಜಾನೆ ಎದ್ದು ಏನು ಮಾಡಬೇಕು ಅಂತ ಕೇಳಿದರು. ರವಿವಾರದ ಆ ಹಾಡನ್ನು ಬಿಟ್ಟರೆ ಅವರ ವಾರದಲ್ಲಿ ಬೇರೇನೂ ಇರಲಿಲ್ಲ.

ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ವೈರುಗಳನ್ನು ಮೊದಲಿನ ಜಾಗಕ್ಕೆ ಹಾಕಿದೆ. ಆಂಪ್ಲಿಫೈಯರಿನ ಬೆನ್ನಲ್ಲಿ ಒಂದು ಸಣ್ಣ ಗುಂಡಿಯಿತ್ತು. ಅದನ್ನು ಸರಿಸಿದರೆ ಎರಡೂ ಕಡೆಯ ದನಿ ಕೂಡಿ ಎರಡೂ ಪೆಟ್ಟಿಗೆಯಲ್ಲಿ ಒಂದೇ ಸಮ ಬರುತ್ತಿತ್ತು. ಅದನ್ನು ಸರಿಸಿಬಿಟ್ಟೆ. ಈಗ ಎಡಗಿವಿಯೊಂದಕ್ಕೇ ಹಾಡೂ ಸಿಗುತ್ತದೆ, ತಬಲಾವೂ ಸಿಗುತ್ತದೆ. ಮಾವನವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಛಲೋ ಆಯಿತು, ಇನ್ನು ಸಾಕು, ದೂಳಿನಲ್ಲಿ ಎಷ್ಟಂತ ಕೂಡುತ್ತಿ ಹೊರಗೆ ಬಾ ಅಂದರು. ನಾನು ಯುದ್ಧ ಗೆದ್ದವಳ ಹಾಗೆ ಸೀರೆ ಕೊಡವಿಕೊಂಡು ಎದ್ದೆ.

ಆದರೆ ಅದೇ ವಾರ ಮಾವನವರು ಹುಬ್ಬಳ್ಳಿಯಲ್ಲಿ ಗೆಳೆಯರನ್ನು ನೋಡಿ ಬರುತ್ತೇನೆ ಅಂತ ಬಸ್ಸು ಹತ್ತಿ ಹೋದರು. ಬಂದವರು ಹಾಡು ಹಚ್ಚಲಿಲ್ಲ. ಮರುದಿನ ನನ್ನನ್ನು ಕರೆದು, ಸಿಡಿ ಪ್ಲೇಯರು ಬಂದ ರಟ್ಟಿನ ಡಬ್ಬಿ, ಟೇಪು ಬಂದ ಡಬ್ಬಿ ಅಟ್ಟದ ಮೇಲೆ ಇವೆಯೇನು ನೋಡು ಅಂದರು. ಎಲ್ಲ ಕಟ್ಟಿ ಕಳಿಸಲಿಕ್ಕೇ ಕೇಳುತ್ತಿದ್ದಾರೆ ಅಂತ ಗೊತ್ತಾಯಿತು. ಇಲಿ ತಿಂದಿವೆ ಮಾವಾರ ಅಂತ ಹಸಿ ಸುಳ್ಳು ಹೇಳಿ ಒಳಗೆ ಬಂದೆ. ಅತ್ತೆಯವರಿಗೆ ಹೇಳಿದರೆ ಅವರು ರೊಟ್ಟಿ ಬಡಿಯುತ್ತಲೇ ಇದ್ದರು. ಅವತ್ತು ರೊಟ್ಟಿ ಬಡಿದ ಸದ್ದು ಓಣಿಗೆಲ್ಲ ಕೇಳಿರಬೇಕು.

ರವಿವಾರ ಬಂತು. ಗೆಳೆಯರು ಬಂದರು. ಬಂದವರಿಗಾಗಿ, ಇದೇ ಕೊನೆಯದು ಅನ್ನುವ ಹಾಗೆ ಮಾವನವರು ಒಂದು ಸಿಡಿ ಹಚ್ಚಿದರು. ನಾನು ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರೆ ಅಲ್ಲಿ ಅತ್ತೆಯವರಿಲ್ಲ. ಅವರು ಕೌದಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಪಡಸಾಲೆಯ ನಡುವೆ ನಡೆದು ಹೋಗುತ್ತಿದ್ದರು. ಕಿಟಕಿಯ ಕಡೆಗಿದ್ದ ಗೆಳೆಯರಿಗೆ ಸ್ವಲ್ಪ ಸರಿಯಿರಿ ಅಣ್ಣಾರ ಅಂದರು. ಆ ಹಿರಿಯರು ಗಾಬರಿಯಾಗಿ ದಬದಬ ಸರಿದರು. ಅತ್ತೆಯವರು ಗಂಡನ ಎಡಕ್ಕೆ, ಮೊಣಕೈ ತಾಗುವಷ್ಟು ಹತ್ತಿರ ಕೂತು, ಕೌದಿ ಹರವಿ ಸೂಜಿಗೆ ದಾರ ಪೋಣಿಸಿದರು. ಲಗ್ನವಾದಾಗಿನಿಂದ ಆ ಮನೆಯಲ್ಲಿ ಅವರು ಎಂದೂ ಕೂಡದ ಜಾಗ ಅದು.

ಮಾವನವರು ಅವರನ್ನೇ ನೋಡುತ್ತ, "ಯಾಕ, ಅಲ್ಲಿ ಬೆಳಕ ಸಾಲವಲ್ತೇನು?" ಅಂತ ಕೇಳಿದರು.

"ಹೂಂ ರಿ. ಈ ಕಡಿ ಛಲೋ ಬೆಳಕೈತಿ," ಅಂದರು ಅತ್ತೆ.

ಎಷ್ಟೋ ದಿನಗಳ ಮೇಲೆ ಅವರಿಬ್ಬರು ನೇರವಾಗಿ ಆಡಿದ ಮಾತು ಅದು. ಅಂದಿನಿಂದ ರಟ್ಟಿನ ಡಬ್ಬಿಯ ಸುದ್ದಿ ಮತ್ತೆ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳುವ ಧೈರ್ಯ ನನಗೂ ಆಗಲಿಲ್ಲ. ಕೇಳಿದರೆ ನೆನಪು ಮಾಡಿಕೊಟ್ಟ ಹಾಗಾದೀತು ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಮಹಾನವಮಿ ಬಂತು. ನಾನು ವರ್ಷದ ರೂಢಿಯಂತೆ ಸ್ಟ್ಯಾಂಡು ಸರಿಸಿ, ಪಟ್ಟಿಗಳನ್ನೆಲ್ಲ ಬಿಚ್ಚಿ, ವೈರು ಒರೆಸುತ್ತ ಕೂತಿದ್ದೆ. ಎಂದೂ ಆ ಕಡೆ ಹಣಿಕಿ ಹಾಕದ ಮಾವನವರು ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಬಂದು ಕೂತರು. ಬೆನ್ನಿನ ಆ ಗುಂಡಿಯನ್ನು ಮೊದಲಿನ ಹಾಗೆ ಮಾಡಿಬಿಡು ಅಂದರು. ಯಾವ ಗುಂಡಿ ಮಾವಾರ ಅಂತ ನಾನು ಏನೂ ಅರಿಯದವಳ ಹಾಗೆ ಕೇಳಿದೆ. ಅವರು ನಕ್ಕರು.

"ತಬಲಾದವರು ಹಾಡವರ ಎರಡೂ ಮಗ್ಗಲಕ್ಕ ಕುಂದರೂದಿಲ್ಲ ಯವ್ವಾ. ನೀ ಅದನ್ನ ಮಾಡಿದ ದಿವಸನ ನನಗ ಗೊತ್ತಾತು."

ಆಮೇಲೆ ಎಲ್ಲ ಹೇಳಿದರು. ಆ ದಿನ ಗೆಳೆಯರನ್ನು ನೋಡಲು ಹೋಗಿರಲಿಲ್ಲ. ವಿದ್ಯಾನಗರದ ಒಂದು ದವಾಖಾನೆಗೆ ಒಬ್ಬರೇ ಹೋಗಿ ಕಿವಿ ತೋರಿಸಿಕೊಂಡು ಬಂದಿದ್ದರು. ಬಲಗಿವಿಯ ನರ ಹೋಗಿದೆ, ಇನ್ನು ಬರುವುದಿಲ್ಲ, ಎಡಗಿವಿ ಗಟ್ಟಿಯಿದೆ ಅಂದರಂತೆ ಡಾಕ್ಟರು. ಆಡಿದ ಮಾತಿನಂತೆ ಎಲ್ಲ ಸಂಗೀತ ಶಾಲೆಗೆ ಕೊಟ್ಟುಬಿಡಬೇಕು ಅಂತ ನಿಶ್ಚಯ ಮಾಡಿಯೇ ರಟ್ಟಿನ ಡಬ್ಬಿ ಕೇಳಿದ್ದು.

"ಆ ರವಿವಾರ ಆಕಿ ಬಂದು ಮಗ್ಗಲಕ್ಕ ಕುಂತ್ಲು," ಅಂದರು. "ಆಕಿ ಸೂಜಿ ನಿಂತದ್ದ ನೋಡಿದೆ. ಹೆಂಗ ಕೊಡಲಿ?"

ನಾನು ವೈರು ಒರೆಸುವ ಅರಿವೆಯಲ್ಲೇ ಕಣ್ಣು ಒರೆಸಿಕೊಂಡೆ. ಮುಖವೆಲ್ಲ ಕಪ್ಪಾಯಿತು. ಅವರು ನನ್ನ ಕೈಯಿಂದ ಕೆಂಪು ಪಟ್ಟಿ ತೆಗೆದುಕೊಂಡು ಬೆರಳಿಗೆ ಸುತ್ತಿ ಬಿಚ್ಚುತ್ತ, ಬಲಗಡೆಯ ಪೆಟ್ಟಿಗೆ ಇನ್ನು ತನಗೆ ಉಪಯೋಗವಿಲ್ಲ, ಅದರ ವೈರು ಉದ್ದ ಮಾಡಿ ಅಡುಗೆಮನೆಯಲ್ಲಿ ಇಟ್ಟುಬಿಡು ಅಂದರು. ಇಷ್ಟು ವರ್ಷ ನಿನ್ನ ಅತ್ತೆ ಹೊಸ್ತಿಲಲ್ಲಿ ಕೂತು ಕೇಳಿದ್ದಾಳೆ, ಇನ್ನು ಮೇಲೆ ಆರಾಮ ಕೂತು ಕೇಳಲಿ. ನನಗೂ ಅದು ಸರಿ ಅನಿಸಿತು. ಉಳಿದಿದ್ದ ಹೊಸ ವೈರು ತಂದು, ಬಾಗಿಲ ಚೌಕಟ್ಟಿನ ಗುಂಟ ಹಿಡಿದು ಸಾಲುತ್ತದೋ ಇಲ್ಲವೋ ಅಂತ ನೋಡತೊಡಗಿದೆ.

ಆಗ ಅತ್ತೆಯವರು ಹೊಸ ಪಟ್ಟಿಗಳ ಗಂಟು ಹಿಡಿದು ಒಳಗಿನಿಂದ ಬಂದರು. ಏನು ನಡೆದಿದೆ ಅಂತ ಕೇಳಿದರು. ಹೇಳಿದೆ. ಅವರು ನನ್ನ ಕೈಯಿಂದ ವೈರು ಕಸಿದುಕೊಂಡು, ಮಾವನವರ ಎಡಗಡೆಗೆ ಸುತ್ತು ಹಾಕಿ ಹೋಗಿ ನಿಂತರು.

"ಪೆಟ್ಟಿಗಿ ಎಲ್ಲಿತ್ತೋ ಅಲ್ಲೇ ಇರಲಿ," ಅಂದರು. "ನಾ ಅಡಗಿಮನ್ಯಾಗ ಕುಂತ್ರ, ನಿಮ್ಮ ಈ ಕಡಿ ಯಾರ ಕುಂದರತಾರ?"

ಮಾವನವರು ಕೆಂಪು ಪಟ್ಟಿಯನ್ನು ನನಗೆ ವಾಪಸು ಕೊಟ್ಟರು. ನಾನು ಗುಂಡಿಯನ್ನು ಮೊದಲಿನ ಹಾಗೆ ಮಾಡಿ, ಬಲದ ವೈರನ್ನು ಬಲಕ್ಕೇ ಸಿಕ್ಕಿಸಿ, ಪಟ್ಟಿ ಕಟ್ಟಿ, ಸ್ಟ್ಯಾಂಡನ್ನು ಗೋಡೆಗೆ ನೂಕಿದೆ.

ಅಂದಿನಿಂದ ಎಷ್ಟೋ ವರ್ಷ ರವಿವಾರದ ಹಾಡು ಹಾಗೆಯೇ ನಡೆಯಿತು. ಹಾಡು ಎಡಗಡೆ, ತಬಲಾ ಬಲಗಡೆ. ಒಂದು ತುಂಡು ಮುಗಿದ ಕೂಡಲೇ ಮಾವನವರು ಗೆಳೆಯರನ್ನು ಬಿಟ್ಟು ಅತ್ತೆಯವರ ಕಡೆ ತಿರುಗಿ, ತಬಲಾ ಹೆಂಗ ಬಂತು ಅಂತ ಕೇಳುತ್ತಿದ್ದರು. ಅತ್ತೆಯವರು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಅವರ ಎಡಗಿವಿಯ ಹತ್ತಿರ ಬಾಗಿ ಹೇಳುತ್ತಿದ್ದರು.